ಶಾನುಭೋಗರ ಕಡತದಿಂದ ಗಣಕಯಂತ್ರದವರೆಗೆ: ಕರ್ನಾಟಕದ ಪಹಣಿಯ ಚರಿತ್ರೆ

ರಾಜ್ಯಗಳ ಚರಿತ್ರೆಯನ್ನು ಯುದ್ಧಗಳಿಂದಲೂ ವಂಶಾವಳಿಗಳಿಂದಲೂ ಬರೆಯುವುದು ವಾಡಿಕೆ. ಆದರೆ ಸಾಮಾನ್ಯ ಒಕ್ಕಲಿಗನ ಪಾಲಿಗೆ ಸರಕಾರವೆಂದರೆ ಅರಮನೆಯಲ್ಲ, ದಂಡೂ ಅಲ್ಲ. ತನ್ನ ಹೊಲದ ವಿವರವನ್ನು ಬರೆದಿಟ್ಟಿರುವ ಒಂದು ಹಾಳೆ. ಆ ಹಾಳೆ ಯಾರ ವಶದಲ್ಲಿದೆ, ಯಾವ ಭಾಷೆಯಲ್ಲಿದೆ, ಅದನ್ನು ತಿದ್ದುವ ಅಧಿಕಾರ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಆಡಳಿತದ ನಿಜವಾದ ಚರಿತ್ರೆಯೆಂದರೆ ತಪ್ಪಾಗದು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರವು ‘ಭೂಮಿ’ ಎಂಬ ಯೋಜನೆಯಿಂದ ಈ ಹಾಳೆಯನ್ನು ಗಣಕಯಂತ್ರಕ್ಕೆ ಒಪ್ಪಿಸಿತು. ಆಡಳಿತದಲ್ಲಿ ಮಾಹಿತಿ ತಂತ್ರಜ್ಞಾನದ ಪಾತ್ರವೇನೆಂಬುದನ್ನು ಪರೀಕ್ಷಿಸಲು ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಆದರೆ ಯಂತ್ರದ ಗುಣದೋಷಗಳನ್ನು ತಿಳಿಯಬೇಕಾದರೆ, ಯಂತ್ರಕ್ಕೆ ಮೊದಲು ಆ ಸ್ಥಾನದಲ್ಲಿ ಯಾರಿದ್ದರೆಂಬುದನ್ನು ತಿಳಿಯುವುದು ಅವಶ್ಯಕ.

1. ಕಡತದ ಕಾಲ

ಕನ್ನಡ ನಾಡಿನ ಶಾಸನಗಳಲ್ಲಿ ದಾನಕೊಟ್ಟ ಭೂಮಿಯನ್ನು ಮತ್ತರು, ಕಮ್ಮ ಮೊದಲಾದ ಅಳತೆಗಳಲ್ಲಿ ಹೇಳಿ, ನಾಲ್ಕು ದಿಕ್ಕಿನ ಎಲ್ಲೆಗಳನ್ನು ಕಲ್ಲು, ಮರ, ಹಳ್ಳಗಳಿಂದ ಗುರುತಿಸುವ ಪದ್ಧತಿ ಕಂಡುಬರುತ್ತದೆ. ಅನೇಕ ಶಾಸನಗಳ ಕೊನೆಯಲ್ಲಿ ಅದನ್ನು ಬರೆದ ಸೇನಬೋವನ ಹೆಸರಿರುತ್ತದೆ. ಈ ಸೇನಬೋವನೇ ಮುಂದೆ ಮೈಸೂರು ಸೀಮೆಯ ಶಾನುಭೋಗನಾದನು. ಧಾರವಾಡ, ಬಿಜಾಪುರಗಳ ಕಡೆ ಅದೇ ಕೆಲಸವನ್ನು ಕುಲಕರ್ಣಿಯೂ, ಬಳ್ಳಾರಿಯ ಕಡೆ ಕರಣಮನೂ, ನಿಜಾಮರ ಸೀಮೆಯಲ್ಲಿ ಪಟವಾರಿಯೂ ನಡೆಸುತ್ತಿದ್ದರು.

ಹಳೆಯ ಲೆಕ್ಕಗಳನ್ನು ಬರೆಯುತ್ತಿದ್ದ ಸಾಧನವೇ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಇಂದಿನ ಕಚೇರಿಗಳಲ್ಲಿ ‘ಫೈಲ್’ ಎಂಬುದಕ್ಕೆ ಕಡತವೆಂಬ ಹೆಸರು ನಿಂತಿರುವುದು ಈ ಪರಂಪರೆಯ ಉಳಿಕೆ. ಬಳಪದ ಬರಹಕ್ಕೆ ಒಂದು ವಿಶೇಷವಿದೆ: ಅದನ್ನು ಒರಸಿ ಮತ್ತೆ ಬರೆಯಬಹುದು. ಆದುದರಿಂದ ಲೆಕ್ಕದ ಸತ್ಯವು ಕಡತಕ್ಕಿಂತ ಹೆಚ್ಚಾಗಿ ಅದನ್ನು ಇಟ್ಟವನ ಪ್ರಾಮಾಣಿಕತೆಯಲ್ಲಿಯೂ ಊರ ಹಿರಿಯರ ನೆನಪಿನಲ್ಲಿಯೂ ನೆಲಸಿತ್ತು. ಈ ವೃತ್ತಿ ವಂಶಪಾರಂಪರ್ಯವಾದುದು. ತಂದೆಯಿಂದ ಮಗನಿಗೆ ಕಡತವೂ ಅದರ ಗುಟ್ಟೂ ಕೂಡಿಯೇ ಸಾಗುತ್ತಿದ್ದವು.

2. ಅಳತೆಯ ಕಾಲ

ಹತ್ತೊಂಬತ್ತನೆಯ ಶತಮಾನದ ನಡುವೆ ಈ ಸ್ಥಿತಿ ಬದಲಾಯಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿದ ಭೂಮಾಪನ ಪದ್ಧತಿಯು 1840ರ ದಶಕದಲ್ಲಿ ಆಗ ‘ದಕ್ಷಿಣ ಮರಾಠಾ ಪ್ರಾಂತ’ವೆನ್ನಿಸಿಕೊಂಡಿದ್ದ ಧಾರವಾಡದ ಸೀಮೆಗೆ ಬಂದಿತು. 1847ರ ಅವರ ಸಂಯುಕ್ತ ವರದಿಯಲ್ಲಿ ಅದರ ತತ್ತ್ವಗಳು ನಿರೂಪಿತವಾದವು. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು, ಎಲ್ಲೆಗೆ ನೆಟ್ಟ ಕಲ್ಲು, ಮಣ್ಣಿನ ಗುಣಕ್ಕನುಸಾರವಾಗಿ ಮೂವತ್ತು ವರ್ಷಗಳಿಗೆ ಗೊತ್ತುಪಡಿಸಿದ ಆಕಾರ: ಇವು ಅದರ ಮುಖ್ಯಾಂಶಗಳು. 1860ರ ದಶಕದಲ್ಲಿ ಮೈಸೂರು ಸಂಸ್ಥಾನವೂ ಇದೇ ಮಾರ್ಗವನ್ನು ಹಿಡಿಯಿತು.

ಆದರೆ ಸರ್ವೆಯ ಉದ್ದೇಶ ಕಂದಾಯವೇ ಹೊರತು ಹಕ್ಕಿನ ನಿರ್ಣಯವಲ್ಲ. ಸರಕಾರಕ್ಕೆ ತೆರುವವನು ಯಾರೆಂದು ತಿಳಿದರೆ ಸಾಕಾಗಿತ್ತು. ಸಾಲ, ಭೋಗ್ಯ, ಗೇಣಿ, ಪಾಲುಗಳ ವಿಚಾರ ಅದಕ್ಕೆ ಬೇಕಿರಲಿಲ್ಲ. ಈ ಕೊರತೆಯನ್ನು ತುಂಬಲು ಮುಂಬಯಿ ಪ್ರಾಂತದಲ್ಲಿ 1903ರಲ್ಲಿಯೂ ಮೈಸೂರಿನಲ್ಲಿ 1927ರಲ್ಲಿಯೂ ಹಕ್ಕುದಾಖಲೆಯ ಶಾಸನಗಳು ಬಂದವು.

3. ಏಕೀಕರಣವೂ ಏಕರೂಪವೂ

1956ರ ನವೆಂಬರ್ 1ರಂದು ಐದು ಆಡಳಿತಗಳ ಕನ್ನಡ ಪ್ರದೇಶಗಳು ಒಂದಾದಾಗ ಒಂದಾದದ್ದು ನಕ್ಷೆ ಮಾತ್ರ, ದಫ್ತರಗಳು ಒಂದಾಗಿರಲಿಲ್ಲ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿದ್ದವು. ಹೈದರಾಬಾದ್ ಕರ್ನಾಟಕದವು ಉರ್ದುವಿನಲ್ಲಿದ್ದವು. ಒಂದು ಕಡೆ ಅಮಲ್ದಾರ, ಇನ್ನೊಂದು ಕಡೆ ಮಾಮಲೇದಾರ, ಮತ್ತೊಂದು ಕಡೆ ತಹಸೀಲ್ದಾರ. ತನ್ನ ಹೊಲದ ಕಾಗದವನ್ನು ತಾನೇ ಓದಲಾರದ ಕನ್ನಡಿಗ ರೈತನ ಸ್ಥಿತಿಯನ್ನು ನೆನೆದರೆ, ಏಕೀಕರಣವು ಕೇವಲ ಭಾವನೆಯ ವಿಷಯವಾಗಿರಲಿಲ್ಲವೆಂಬುದು ವಿದಿತವಾಗುತ್ತದೆ.

ಮುಂದಿನ ಎಂಟು ವರ್ಷಗಳಲ್ಲಿ ಎರಡು ಶಾಸನಗಳು ಈ ಕ್ಷೇತ್ರದ ರೂಪವನ್ನೇ ಬದಲಿಸಿದವು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯ ಶಾನುಭೋಗಿಕೆಯನ್ನೂ ಪಟೇಲಿಕೆಯನ್ನೂ ಕೊನೆಗಾಣಿಸಿತು. ಮುಂಬಯಿ ಪ್ರಾಂತದಲ್ಲಿ ಕುಲಕರ್ಣಿ ವತನಗಳು 1950ರ ಕಾಯಿದೆಯಿಂದಲೇ ರದ್ದಾಗಿದ್ದವು. ಅವರ ಸ್ಥಾನಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ವಿಧದ ದಾಖಲೆಗಳನ್ನು ವಿಧಿಸಿತು. ಹಕ್ಕು, ಗೇಣಿ, ಬೆಳೆಗಳ ವಿವರವನ್ನು ಒಂದೇ ಹಾಳೆಯಲ್ಲಿ ಕೂಡಿಸಿದ ಪಹಣಿ ಪತ್ರಿಕೆಯು ಇದರ ಫಲ. ಒಂಬತ್ತನೆಯ ಅಂಕಣದಲ್ಲಿ ಭೂಮಿಯ ಸ್ವಾಧೀನದಾರನ ಹೆಸರು, ಹನ್ನೊಂದರಲ್ಲಿ ಸಾಲವೇ ಮೊದಲಾದ ಋಣಗಳು, ಹನ್ನೆರಡರಲ್ಲಿ ಸಾಗುವಳಿಯ ವಿವರ.

ಇದೇ ಕಾಯಿದೆಯ 133ನೆಯ ಪ್ರಕರಣವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದರ ಪ್ರಕಾರ ದಾಖಲೆಯಲ್ಲಿನ ನಮೂದನ್ನು, ವಿರುದ್ಧವಾದುದು ಸಿದ್ಧವಾಗುವವರೆಗೆ, ಸತ್ಯವೆಂದು ಭಾವಿಸತಕ್ಕದ್ದು. ಎಂದರೆ ಪಹಣಿಯು ಒಡೆತನವನ್ನು ಕೊಡುವ ಪತ್ರವಲ್ಲ. ಒಡೆತನದ ಬಗೆಗಿನ ಒಂದು ಊಹೆ. ಈ ಭೇದವನ್ನು ಮರೆತವರೇ ಗಣಕಯಂತ್ರದಿಂದ ಅತಿಯಾದುದನ್ನು ನಿರೀಕ್ಷಿಸಿದರು.

4. ಯಂತ್ರದ ಪ್ರವೇಶ

ಹೊಸ ವ್ಯವಸ್ಥೆಯಲ್ಲಿ ವಂಶಪಾರಂಪರ್ಯ ಹೋಯಿತು, ಏಕಸ್ವಾಮ್ಯ ಹೋಗಲಿಲ್ಲ. ಸುಮಾರು 9,000 ಗ್ರಾಮ ಲೆಕ್ಕಿಗರು, ಒಬ್ಬೊಬ್ಬರು ಮೂರು ನಾಲ್ಕು ಹಳ್ಳಿಗಳ ಪುಸ್ತಕಗಳನ್ನು ತಮ್ಮ ವಶದಲ್ಲಿಟ್ಟುಕೊಂಡಿದ್ದರು. ಬ್ಯಾಂಕಿನ ಸಾಲಕ್ಕೂ ನ್ಯಾಯಾಲಯದ ಜಾಮೀನಿಗೂ ಪಹಣಿ ಬೇಕು. ಅದನ್ನು ಬರೆದುಕೊಡುವವನು ಒಬ್ಬನೇ. ಅವನು ಊರಲ್ಲಿಲ್ಲದ ದಿನ ದಾಖಲೆಯೂ ಇಲ್ಲ.

1976ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾಹಿತಿ ಕೇಂದ್ರವು ಸರಕಾರಿ ಇಲಾಖೆಗಳಲ್ಲಿ ಗಣಕಯಂತ್ರಗಳ ಬಳಕೆಗೆ ಅಡಿಪಾಯ ಹಾಕಿತು. 1988-89ರಲ್ಲಿ ಕೇಂದ್ರ ಸರಕಾರವು ಎಂಟು ರಾಜ್ಯಗಳ ಎಂಟು ಜಿಲ್ಲೆಗಳಲ್ಲಿ ಭೂದಾಖಲೆಗಳ ಗಣಕೀಕರಣವನ್ನು ಪ್ರಯೋಗಕ್ಕಾಗಿ ಆರಂಭಿಸಿತು. 1991ರಲ್ಲಿ ಕರ್ನಾಟಕದಲ್ಲಿಯೂ ಅಂತಹ ಪ್ರಯೋಗ ನಡೆಯಿತು. ಇವು ಸಫಲವಾಗದಿರಲು ಕಾರಣ ಸ್ಪಷ್ಟವಾಗಿದೆ. ಯಂತ್ರಗಳು ತಾಲ್ಲೂಕಿಗೆ ಬರಲಿಲ್ಲ. ಹಳ್ಳಿಯಲ್ಲಿ ಖಾತೆಗಳು ಕಾಗದದ ಮೇಲೆಯೇ ಬದಲಾಗುತ್ತಿದ್ದುದರಿಂದ, ಯಂತ್ರದೊಳಗೆ ತುಂಬಿದ ವಿವರವು ತುಂಬಿ ಮುಗಿಯುವಷ್ಟರಲ್ಲಿ ಹಳತಾಗಿಬಿಡುತ್ತಿತ್ತು. ಕಾಗದ ಮತ್ತು ಯಂತ್ರ ಎರಡೂ ಇರುವಾಗ ಕಾಗದವೇ ಗೆದ್ದಿತು.

‘ಭೂಮಿ’ ಯೋಜನೆಯ ವೈಶಿಷ್ಟ್ಯವು ಯಂತ್ರದಲ್ಲಿರಲಿಲ್ಲ. ಅದರ ಹಿಂದಿದ್ದ ಆಡಳಿತ ನಿರ್ಧಾರದಲ್ಲಿತ್ತು. ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರವು ರಚಿಸಿದ ತಂತ್ರಾಂಶದಿಂದ, ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು. 2002ರ ವೇಳೆಗೆ 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರಕಾರ ಘೋಷಿಸಿತು. ಪ್ರತಿಯೊಂದರ ಶುಲ್ಕ 15 ರೂಪಾಯಿಯೆಂದು ಗೊತ್ತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ಕಟ್ಟಳೆಯನ್ನು ಯಂತ್ರದೊಳಗೇ ಅಳವಡಿಸಲಾಯಿತು. ನಮೂದನ್ನು ತಿದ್ದುವ ಅಧಿಕಾರಿಯು ಬೆರಳಗುರುತು ಕೊಟ್ಟಲ್ಲದೆ ಒಳಹೋಗುವಂತಿರಲಿಲ್ಲ. ಬಳಪದ ಬರಹವನ್ನು ಒರಸಿದವನ ಗುರುತು ಉಳಿಯುತ್ತಿರಲಿಲ್ಲ. ಇಲ್ಲಿ ತಿದ್ದಿದವನ ಗುರುತು ತಿದ್ದುಪಡಿಯ ಜೊತೆಗೇ ಉಳಿಯಿತು.

ಇದೆಲ್ಲವೂ ಕನ್ನಡದಲ್ಲಿಯೇ ನಡೆಯಿತೆಂಬುದು ಸಣ್ಣ ಸಂಗತಿಯಲ್ಲ. ಅದಕ್ಕೆ ಪೂರ್ವಭಾವಿಯಾಗಿ ಭಾರತೀಯ ಲಿಪಿಗಳಿಗೆ ಸಂಕೇತಗಳನ್ನು ಗೊತ್ತುಮಾಡಿದ 1991ರ ರಾಷ್ಟ್ರೀಯ ಮಾನಕವೂ, ಅದೇ ವರ್ಷ ಪ್ರಕಟವಾಗಿ ಕನ್ನಡಕ್ಕೆ ಸ್ಥಾನ ಕೊಟ್ಟ ಯೂನಿಕೋಡ್ ಕೂಡ ಸಿದ್ಧವಾಗಿದ್ದವು. ಕನ್ನಡಕ್ಕೆ ಧ್ವನ್ಯನುಸಾರಿಯಾದ ಕೀಲಿಮಣೆಯನ್ನು ರೂಪಿಸಿ, ಮುಂದೆ ಸರಕಾರದ ಮನ್ನಣೆಯನ್ನು ಪಡೆದ ಕೆ. ಪಿ. ರಾವ್ ಅವರು ಮುಂಬಯಿಯಲ್ಲಿ ಕೆಲಸ ಮಾಡಿದವರೆಂಬುದನ್ನು ಹೊರನಾಡ ಕನ್ನಡಿಗರು ಅಭಿಮಾನದಿಂದ ಸ್ಮರಿಸಬಹುದು. ಮೋಡಿಯಿಂದ, ಉರ್ದುವಿನಿಂದ, ಒಬ್ಬೊಬ್ಬ ಲೆಕ್ಕಿಗನ ಓದಲಾಗದ ಕೈಬರಹದಿಂದ ಬಿಡುಗಡೆ ಹೊಂದಿದ ಪಹಣಿಯು ಎಲ್ಲ ಜಿಲ್ಲೆಗಳಲ್ಲಿ ಒಂದೇ ಅಕ್ಷರರೂಪದಲ್ಲಿ ಕಾಣಿಸಿಕೊಂಡಿತು.

5. ಫಲಾಫಲ ವಿವೇಚನೆ

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯು ಈ ಬದಲಾವಣೆಯ ಒಂದು ಮುಖವನ್ನು ತೋರಿಸುತ್ತದೆ. ಹಳೆಯ ಪದ್ಧತಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಲಂಚ ಕೊಟ್ಟಿದ್ದಾಗಿ ಹೇಳಿದ್ದರು. ಹೊಸ ಕೇಂದ್ರಗಳಲ್ಲಿ ಹಾಗೆ ಹೇಳಿದವರು ನೂರಕ್ಕೆ ಮೂವರು ಮಾತ್ರ. ಒಬ್ಬ ಬಡ ರೈತನು ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ತನ್ನ ಹಾಳೆಯನ್ನು ಪಡೆದುಕೊಂಡದ್ದು ಸಾಮಾನ್ಯ ಲಾಭವಲ್ಲ.

ಇನ್ನೊಂದು ಮುಖವೂ ಇದೆ. ಸಾಲಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರ ತಮ್ಮ ಅಧ್ಯಯನದಲ್ಲಿ, ಗಣಕೀಕರಣವು ಅಧಿಕಾರವನ್ನು ಹಳ್ಳಿಯಿಂದ ತಾಲ್ಲೂಕಿಗೂ ಅಲ್ಲಿಂದ ಮೇಲಕ್ಕೂ ಒಯ್ದಿತೆಂದೂ, ಬೆಂಗಳೂರಿನ ಸುತ್ತಿನ ಭೂಮಿಯ ಮೇಲೆ ಕಣ್ಣಿಟ್ಟ ಬಲಿಷ್ಠರಿಗೆ ಅನುಕೂಲವಾಯಿತೆಂದೂ, ಲಂಚವು ಅಳಿಯದೆ ಬೇರೆ ಮೆಟ್ಟಿಲಿಗೆ ಏರಿತೆಂದೂ ವಾದಿಸಿದರು. ಮೇಲ್ನೋಟಕ್ಕೆ ಈ ಎರಡು ಅಭಿಪ್ರಾಯಗಳು ಪರಸ್ಪರ ವಿರುದ್ಧವಾಗಿ ತೋರುತ್ತವೆ. ವಾಸ್ತವದಲ್ಲಿ ಅವು ಎರಡು ಬೇರೆ ಕಾರ್ಯಗಳನ್ನು ಕುರಿತವು. ಇರುವ ದಾಖಲೆಯ ಪ್ರತಿಯನ್ನು ಪಡೆಯುವುದು ಒಂದು. ದಾಖಲೆಯನ್ನು ಬದಲಾಯಿಸಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಯಂತ್ರ ಮಾಡಬಲ್ಲದು. ಎರಡನೆಯದರಲ್ಲಿ ವಿಚಾರಣೆ, ತಕರಾರು, ಸ್ಥಳಪರೀಕ್ಷೆಗಳಿವೆ. ಅಲ್ಲಿ ಮನುಷ್ಯನ ವಿವೇಚನೆಯೂ ಅದರ ದುರುಪಯೋಗವೂ ಉಳಿದೇ ಉಳಿಯುತ್ತವೆ.

ಯಂತ್ರದ ಅಂಕಣಗಳೂ ನಿಷ್ಪಕ್ಷಪಾತವಲ್ಲ. 2020ರಲ್ಲಿ ತೆಲಂಗಾಣ ಸರಕಾರವು ಜಾರಿಗೆ ತಂದ ‘ಧರಣಿ’ ವ್ಯವಸ್ಥೆಯಲ್ಲಿ ಅನುಭವದಾರನ ಅಂಕಣವೇ ಇರಲಿಲ್ಲ; ಉಳುವವನ ಗುರುತು ಒಂದು ಅಂಕಣದೊಡನೆ ಮರೆಯಾಯಿತು. ಅದರ ವಿರುದ್ಧ ಎದ್ದ ದೂರುಗಳ ಫಲವಾಗಿ 2025ರಲ್ಲಿ ‘ಭೂ ಭಾರತಿ’ ಎಂಬ ಬೇರೆ ಶಾಸನ ಅದರ ಸ್ಥಾನಕ್ಕೆ ಬಂದಿತು. ಯಾವ ಅಂಕಣ ಇರಬೇಕು, ಯಾವುದು ಬೇಡ ಎಂಬುದು ತಂತ್ರಜ್ಞರ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

6. ಹೊರನಾಡಿಗರೂ ಪಹಣಿಯೂ

ಉದ್ಯೋಗಕ್ಕಾಗಿ ನಾಡು ಬಿಟ್ಟ ಕುಟುಂಬಗಳಿಗೆ ಈ ಚರಿತ್ರೆ ದೂರದ್ದಲ್ಲ. ಮಹಾರಾಷ್ಟ್ರದಲ್ಲಿ ‘ಸಾತ್‌ಬಾರಾ’ ಎಂದೂ ತಮಿಳುನಾಡಿನಲ್ಲಿ ‘ಪಟ್ಟಾ’, ‘ಚಿಟ್ಟಾ’, ‘ಅಡಂಗಲ್’ ಎಂದೂ ಅವರು ಕೇಳುವ ಹೆಸರುಗಳು ಊರಿನ ಪಹಣಿಯ ಬಂಧುಗಳೇ. ಹಿಂದೆ ಊರಿನ ಹೊಲದ ಸ್ಥಿತಿಯನ್ನು ತಿಳಿಯಲು ಅಣ್ಣತಮ್ಮಂದಿರ ಕಾಗದವನ್ನೋ ಬೇಸಗೆಯ ರಜೆಯನ್ನೋ ಕಾಯಬೇಕಾಗಿತ್ತು. ಈಗ ಮಾಟುಂಗದಲ್ಲಿಯೋ ಸಿಕಂದರಾಬಾದಿನಲ್ಲಿಯೋ ಕುಳಿತು ಸರ್ವೆ ನಂಬರನ್ನು ಒತ್ತಿದರೆ ಹಾಳೆ ಕಣ್ಣೆದುರಿಗೆ ಬರುತ್ತದೆ.

ಆದರೆ ಆ ಹಾಳೆಯಲ್ಲಿ ಕಾಣುವ ಹೆಸರು ಎಷ್ಟೋ ವೇಳೆ ತೀರಿಹೋದ ಅಜ್ಜನದಾಗಿರುತ್ತದೆ. ಪೌತಿ ಖಾತೆಯಾಗದೆ, ವಿಭಾಗವಾಗದೆ, ಪೋಡಿಯಾಗದೆ ಉಳಿದ ನೆಲವನ್ನು ಯಂತ್ರವು ಇದ್ದಂತೆಯೇ ತೋರಿಸುತ್ತದೆ. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ವಿಧಿಸಿದರೂ, ಕುಟುಂಬವು ಹೇಳದ ಹೆಸರನ್ನು ಯಂತ್ರವು ತಾನಾಗಿ ಬರೆಯಲಾರದು. ಶಾನುಭೋಗನು ತಪ್ಪು ಬರೆದರೆ ಅಲ್ಲವೆನ್ನಲು ಊರಿನ ನೆನಪು ಇರುತ್ತಿತ್ತು. ವಲಸೆಯಿಂದ ಆ ನೆನಪು ಚದುರಿದೆ. ಅದರ ಸ್ಥಾನದಲ್ಲಿ ನಿಂತ ದಾಖಲೆಗೆ ನೆನಪಿಲ್ಲ, ನಮೂದು ಮಾತ್ರ ಇದೆ.

ಹಳೆಯ ಮೂಲ ಕಾಗದಗಳನ್ನೂ ಛಾಯಾಪ್ರತಿ ತೆಗೆದು ಗಣಕದಲ್ಲಿ ಸೇರಿಸುವ ‘ಭೂ ಸುರಕ್ಷಾ’ ಕಾರ್ಯವನ್ನು ರಾಜ್ಯ ಸರಕಾರವು 2024ರಲ್ಲಿ ಕೈಗೆತ್ತಿಕೊಂಡಿತು. ಜೀರ್ಣವಾಗುತ್ತಿರುವ ದಫ್ತರಗಳ ರಕ್ಷಣೆಗೆ ಇದು ಅವಶ್ಯವಾದುದು. ಆದರೆ ಚಿತ್ರ ತೆಗೆಯುವುದು ಬೇರೆ, ಓದುವುದು ಬೇರೆ. ಮೋಡಿಯನ್ನೂ ಹಳೆಯ ಉರ್ದು ದಫ್ತರವನ್ನೂ ಓದಬಲ್ಲವರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ನೆಲಸಿ ಆ ಲಿಪಿಗಳ ಪರಿಸರದಲ್ಲಿಯೇ ಬಾಳುತ್ತಿರುವ ಕನ್ನಡ ವಿದ್ವಾಂಸರಿಗೆ ಇಲ್ಲಿ ಮಾಡಬೇಕಾದ ಕೆಲಸವೊಂದು ಕಾದಿದೆ. ಲೆಕ್ಕವನ್ನು ಕಾಯುವ ಭಾರವನ್ನು ಯಂತ್ರ ಹೊತ್ತಿದೆ. ಲೆಕ್ಕವು ಸರಿಯೇ ಎಂದು ಕೇಳುವ ಭಾರ ಹಿಂದಿನಂತೆಯೇ ಜನರ ಮೇಲಿದೆ.