ಭೋಂಗಾ ನಿಂತ ಮೇಲೆ

ಊರಿಂದ ಮುಂಬೈಗೆ ಬಂದವರಿಗೆ ಲಾಲ್‌ಬಾಗ್ ಅಂದರೆ ಗಣಪತಿ. ಆದರೆ ಪರೇಲ್, ಲಾಲ್‌ಬಾಗ್ ಎಲ್ಲ ಸೇರಿ ಒಂದು ಕಾಲಕ್ಕೆ ಗಿರಣಗಾಂವ್, ಗಿರಣಿಗಳ ಊರು. ಮಿಲ್ಲಿನ ಭೋಂಗಾ ಕೂಗಿದರೆ ಚಾಳುಗಳು ಏಳುತ್ತಿದ್ದವು.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಕೇಳಿದ್ದು ಸಂಬಳ, ಬೋನಸ್ಸು, ತಮಗೆ ಬೇಕಾದ ಸಂಘಕ್ಕೆ ಮಾನ್ಯತೆ. ಮುಷ್ಕರ ಮುಗಿಯಿತೆಂದು ಯಾರೂ ಸಾರಲಿಲ್ಲ. ಒಂದೊಂದಾಗಿ ಗಿರಣಿಗಳೇ ಮುಗಿದವು.

ಕೆಲವರು ಕೊಂಕಣದ ಹಳ್ಳಿಗೆ ಮರಳಿದರು, ಕೆಲವರು ತರಕಾರಿ ಗಾಡಿ ತಳ್ಳಿದರು. ಹೆಂಗಸರು ಖಾನಾವಳಿ ನಡೆಸಿ ಮನೆ ಹಿಡಿದರು. ಕೆಲಸವಿಲ್ಲದ ಹುಡುಗರಲ್ಲಿ ಕೆಲವರನ್ನು ಗ್ಯಾಂಗುಗಳು ಕರೆದುಕೊಂಡವು. ಅಪ್ಪ ತಿಂಗಳಿಡೀ ಮಗ್ಗದ ಮುಂದೆ ನಿಂತು ತರುತ್ತಿದ್ದ ದುಡ್ಡನ್ನು ಮಗ ಒಂದು ರಾತ್ರಿಗೆ ತಂದರೆ, ಎಲ್ಲಿಂದ ತಂದೆ ಅಂತ ಕೇಳೋರು ಯಾರು? ಮನೆಯಲ್ಲಿ ಒಲೆ ಹತ್ತಬೇಕಲ್ಲ. ಜಯಂತ್ ಪವಾರರ ಮರಾಠಿ ನಾಟಕ ‘ಅಧಾಂತರ್’ ಇಂಥದೇ ಒಂದು ಮನೆಯ ಕತೆ.

1991ರಲ್ಲಿ ನಿಯಮ ಬದಲಾಗಿ ಗಿರಣಿ ಜಾಗಕ್ಕೆ ಚಿನ್ನದ ಬೆಲೆ ಬಂತು. 1994ರಲ್ಲಿ ಮಾಲೀಕ ಸುನೀತ್ ಖಟಾವ್, 1997ರಲ್ಲಿ ಸಾಮಂತ್ ಗುಂಡಿಗೆ ಬಲಿಯಾದರು.

ಗಿರಣಿಯವರ ಮಕ್ಕಳೆಲ್ಲ ರೌಡಿಗಳಾದರು ಅನ್ನುವುದು ಸುಳ್ಳು. ಬಹುಪಾಲು ಜನ ಅರೆಹೊಟ್ಟೆಯಲ್ಲೇ ಮಾನವಾಗಿ ಬದುಕಿದರು. ಅವರ ಹೆಸರು ಮಾತ್ರ ಪೇಪರಿನಲ್ಲಿ ಬರಲಿಲ್ಲ.