ಅಂಕಿಯೊಳಗಿನ ಅಕ್ಷರ

ಕುಂದಾಪುರವನ್ನು ಆಂಗ್ಲರ ಕಾಲದ ಕಾಗದಪತ್ರಗಳು 'ಕೂಂಡಪೂರ್' ಎಂದು ಓದುವಂತೆ ಬರೆದವು. ರೋಮನ್ ಲಿಪಿಗೆ ದಕಾರ-ಡಕಾರಗಳ ಭೇದ ತಿಳಿಯದು. ಒಂದು ಲಿಪಿ ಇನ್ನೊಂದರ ಮನೆಯಲ್ಲಿ ಬಿಡಾರ ಹೂಡುವಾಗ ಇಂಥ ಇಕ್ಕಟ್ಟು ತಪ್ಪಿದ್ದಲ್ಲ. ಗಣಕಯಂತ್ರದ ಕಾಲದಲ್ಲಿ ಅದು ಬೇರೊಂದು ವೇಷ ತೊಟ್ಟು ಬಂದ ಚರಿತ್ರೆಯನ್ನು ನಾನಿಲ್ಲಿ ಹೇಳಹೊರಟಿದ್ದೇನೆ.

1991ರಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿ ಹೊರಬಂದಾಗ ಕನ್ನಡಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ಕಕಾರಕ್ಕೆ 3221, ರಕಾರಕ್ಕೆ 3248. ಹೀಗೆ ಅಕ್ಷರಕ್ಕೂ ಸ್ವರಚಿಹ್ನೆಗೂ ಒಂದೊಂದು ಸಂಖ್ಯೆ. 1997ರ ಆಗಸ್ಟಿನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಅದೇ ಡಿಸೆಂಬರಿನಲ್ಲಿ ಎಚ್‌ಟಿಎಂಎಲ್‌ನ 4ನೆಯ ಆವೃತ್ತಿ ಜಾಲಪುಟಗಳಿಗೆ ಈ ಸಂಖ್ಯೆಗಳನ್ನೇ ಆಧಾರವಾಗಿ ಅಂಗೀಕರಿಸಿತು. ಅದರಲ್ಲಿ 252 ಚಿಹ್ನೆಗಳಿಗೆ ಹೆಸರಿನ ಸಂಕೇತಗಳಿದ್ದವು. ಕನ್ನಡದ ಒಂದಕ್ಷರಕ್ಕೂ ಆ ಭಾಗ್ಯವಿರಲಿಲ್ಲ. ನಮಗೆ ದಕ್ಕಿದ್ದು ಅಂಕಿ ಮಾತ್ರ. ಮುಂದೆ & ಮತ್ತು # ಗುರುತುಗಳು, ನಡುವೆ 3221, ಕೊನೆಗೆ ಅರ್ಧವಿರಾಮ; ಇಷ್ಟಾದರೆ ಒಂದು ಕಕಾರ.

ಈ ಲೆಕ್ಕದಲ್ಲಿ ಕುಂದಾಪುರಕ್ಕೆ 8 ಸಂಖ್ಯೆ, ಬೈಂದೂರಿಗೆ 7, ಬ್ರಹ್ಮಾವರಕ್ಕೆ 9. ಒತ್ತಕ್ಷರಕ್ಕೆ ಬೇರೆ ಸಂಖ್ಯೆಯಿಲ್ಲ. 'ಬ್ರ'ವನ್ನು ಬಕಾರ, ಹಲಂತ, ರಕಾರ ಎಂದು ಬಿಡಿಸಿಟ್ಟರೆ ಯಂತ್ರ ಕೂಡಿಸಿ ತೋರಿಸುತ್ತದೆ.

ತೊಡಕು ಹುಟ್ಟಿದ್ದು ರೋಮನ್ ಲಿಪಿಗೆಂದೇ ಸಿದ್ಧವಾದ ಪುಟಗಳಲ್ಲಿ ನಮ್ಮವರು ಕನ್ನಡ ತುಂಬಿದಾಗ. ಆ ಪುಟಕ್ಕೆ ಹಿಡಿಸದ ಅಕ್ಷರಗಳನ್ನು ಬ್ರೌಸರು ಅಂಕಿಗಳಾಗಿ ಮಾರ್ಪಡಿಸಿ ಕಳುಹಿಸಿತು. ಅವು ಹಾಗೆಯೇ ದಾಸ್ತಾನಾದವು. ತೆರೆಯ ಮೇಲೆ ಓದಲು ಅಡ್ಡಿಯಿಲ್ಲ. ಆದರೆ ಬೈಂದೂರೆಂದು ಹುಡುಕಿದರೆ ದಾಸ್ತಾನಿನಲ್ಲಿ ಬೈಂದೂರೇ ಇಲ್ಲ! ಇದ್ದೂ ಸಿಗದ ಬರೆಹಕ್ಕೂ ಗೆದ್ದಲು ತಿಂದ ಕಡತಕ್ಕೂ ಏನು ಅಂತರ?

ಅಂಕಿಯನ್ನು ಮರಳಿ ಅಕ್ಷರವಾಗಿಸುವ ಆಜ್ಞೆ ಪಿಎಚ್‌ಪಿ ಎಂಬ ಜಾಲಭಾಷೆಯಲ್ಲಿದೆ. ಬೇರೆ ಅಪ್ಪಣೆಯಿಲ್ಲದಿದ್ದರೆ ಅದು ಪಶ್ಚಿಮ ಯೂರೋಪಿನ ಅಕ್ಷರಮಾಲೆಯನ್ನೇ ನಂಬಿತ್ತು. ಕನ್ನಡದ ಅಂಕಿ ಅಂಕಿಯಾಗಿಯೇ ಉಳಿಯುತ್ತಿತ್ತು. 2012ರ 5.4ನೆಯ ಆವೃತ್ತಿಯಿಂದ ಯುಟಿಎಫ್-8 ಅದರ ಸಹಜ ನೆಲೆಯಾಯಿತು. ನಮ್ಮ ಊರುಗಳು ತಮ್ಮ ಹೆಸರಿನಲ್ಲೇ ಮರಳಿದವು.

ಹಾಗೆಂದು ಬಿಡಿಸುವುದಕ್ಕೂ ಮಿತಿಯಿದೆ. ಒಂದು ಸಲ ಕಡಮೆಯಾದರೆ ಅಂಕಿ ಉಳಿಯುತ್ತದೆ. ಒಂದು ಸಲ ಹೆಚ್ಚಾದರೆ, ಯಾರೋ ಬರೆದ ಬರಿಯ ಮಾತನ್ನು ಬ್ರೌಸರು ಆಜ್ಞೆಯೆಂದು ತಿಳಿದು ನಡೆಸಿಬಿಟ್ಟೀತು. ಬ್ರಹ್ಮಾವರ 2018ರಲ್ಲಿ ತಾಲ್ಲೂಕಾಯಿತು. ಆ ತಾಲ್ಲೂಕಿನ ಬಾರ್ಕೂರಿನಲ್ಲಿ ಆಳುಪರ ಕಾಲದ ಶಿಲಾಶಾಸನಗಳಿವೆ. ಅವುಗಳನ್ನು ಓದಿದ ವಿದ್ವಾಂಸರ ಧರ್ಮವೇ ಇಲ್ಲಿಯೂ ಸಲ್ಲುವುದೆಂದು ನನ್ನ ಅಭಿಪ್ರಾಯ: ಕಲ್ಲಿನಲ್ಲಿರುವುದನ್ನು ಬಿಡಬಾರದು, ಇಲ್ಲದ್ದನ್ನು ಓದಬಾರದು.