ಫ್ಯಾಕ್ಸ್ ಯಂತ್ರ ಮತ್ತು ಗುಟ್ಟಿನ ಕಾಗದ



1990ರ ದಶಕದಲ್ಲಿ ಕುಂಬಳೆ, ಬದಿಯಡ್ಕ, ಮಂಜೇಶ್ವರದಂತಹ ಪೇಟೆಗಳಲ್ಲಿ ಓಡಾಡಿದವರಿಗೆ ಟೆಲಿಫೋನ್ ಬೂತುಗಳ ಹಳದಿ ಬೋರ್ಡು ನೆನಪಿದ್ದೇ ಇರುತ್ತದೆ. ಎಸ್.ಟಿ.ಡಿ., ಐ.ಎಸ್.ಡಿ., ಪಿ.ಸಿ.ಓ. ಎಂದು ಅದರಲ್ಲಿ ಬರೆದಿರುತ್ತಿತ್ತು. ಕ್ರಮೇಣ ಕೆಲವು ಬೋರ್ಡುಗಳಲ್ಲಿ 'ಫ್ಯಾಕ್ಸ್' ಎಂಬ ಶಬ್ದವೂ ಸೇರಿಕೊಂಡಿತು. ನಾನು ಹತ್ತನೆಯ ತರಗತಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದವನು, ಯಂತ್ರವಿದ್ಯೆ ಕಲಿತವನಲ್ಲ. ಆದರೆ ಆ ಯಂತ್ರದ ಬಳಿ ಹಲವು ವರ್ಷ ಕುಳಿತವನು. ಅದರ ಚರಿತ್ರೆಯನ್ನೂ ಅದರಿಂದ ನಾನು ಕಲಿತ ಒಂದು ಪಾಠವನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಫ್ಯಾಕ್ಸ್ ನಮ್ಮ ಕಾಲದ ಸೃಷ್ಟಿ ಎಂದು ಅನೇಕರ ಎಣಿಕೆ. ನಿಜ ಹಾಗಲ್ಲ. ಸ್ಕಾಟ್ಲೆಂಡಿನ ಗಡಿಯಾರ ಕೆಲಸಗಾರ ಅಲೆಕ್ಸಾಂಡರ್ ಬೇನ್ ಎಂಬವರು ಇದರ ಮೂಲ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1843ರಲ್ಲಿ. ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಅಂದರೆ ಮಾತು ತಂತಿಯ ಮೇಲೆ ಹೋಗುವುದಕ್ಕೆ 33 ವರ್ಷ ಮೊದಲೇ ಚಿತ್ರವನ್ನು ಕಳುಹಿಸುವ ಯೋಚನೆ ಹುಟ್ಟಿತ್ತು! ಎರಡು ಊರುಗಳಲ್ಲಿ ಎರಡು ಲೋಲಕಗಳು ಒಂದೇ ತಾಳದಲ್ಲಿ ತೂಗಬೇಕು. ಒಂದು ಕಡೆಯ ಮುಳ್ಳು ಅಕ್ಷರವನ್ನು ಮುಟ್ಟಿದಾಗಲೆಲ್ಲ ಇನ್ನೊಂದು ಕಡೆ ರಾಸಾಯನಿಕ ಹಚ್ಚಿದ ಕಾಗದದ ಮೇಲೆ ಗುರುತು ಮೂಡಬೇಕು. ಇದು ಬೇನ್ ಅವರ ಲೆಕ್ಕಾಚಾರ.

ಇದನ್ನು ಸಾರ್ವಜನಿಕರ ಉಪಯೋಗಕ್ಕೆ ತಂದವರು ಇಟಲಿಯ ಪಾದ್ರಿ ಜಿಯೊವಾನ್ನಿ ಕಸೆಲ್ಲಿ. ಅವರ 'ಪ್ಯಾಂಟೆಲಿಗ್ರಾಫ್' ಯಂತ್ರದ ಸೇವೆ 1865ರಲ್ಲಿ ಫ್ರಾನ್ಸಿನ ಪ್ಯಾರಿಸ್ ಮತ್ತು ಲಿಯೋನ್ ನಗರಗಳ ನಡುವೆ ಆರಂಭವಾಯಿತು. ಅದು ಹೆಚ್ಚಾಗಿ ಯಾವ ಕೆಲಸಕ್ಕೆ ಬಂತು ಗೊತ್ತೇ? ಬ್ಯಾಂಕು ವ್ಯವಹಾರದಲ್ಲಿ ಸಹಿಯನ್ನು ತಾಳೆ ನೋಡುವುದಕ್ಕೆ. ಈ ಸಂಗತಿ ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಗುಮಾಸ್ತ ಕುಲಕ್ಕೂ ಫ್ಯಾಕ್ಸಿಗೂ ಇರುವ ನಂಟು ಅಷ್ಟು ಹಳೆಯದು!

ಆದರೂ ಅದು ಮನೆಮಾತಾಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. 1966ರಲ್ಲಿ ಬಂದ ಝೆರಾಕ್ಸ್ ಕಂಪೆನಿಯ ಯಂತ್ರಕ್ಕೆ ಒಂದು ಪುಟ ಕಳುಹಿಸಲು ಸುಮಾರು 6 ನಿಮಿಷ ಬೇಕಿತ್ತು. 1980ರಲ್ಲಿ 'ಗ್ರೂಪ್ 3' ಎಂಬ ಅಂತರರಾಷ್ಟ್ರೀಯ ನಿಯಮ ಬಂದ ಮೇಲೆ ಒಂದು ನಿಮಿಷದೊಳಗೆ ಪುಟ ಹೋಗತೊಡಗಿತು. ಇದನ್ನು ಅತಿ ಉತ್ಸಾಹದಿಂದ ಬರಮಾಡಿಕೊಂಡದ್ದು ಜಪಾನ್. ಅವರ ಲಿಪಿಯಲ್ಲಿ ಅಕ್ಷರಗಳು ಸಾವಿರಾರು. ಟೈಪ್ ಮಾಡುವುದು ಕಷ್ಟ, ಕೈಯಲ್ಲಿ ಬರೆದು ಕಳುಹಿಸುವುದು ಸುಲಭ.

ಅವರಿಗೆ ಆದ ಅನುಕೂಲವೇ ನಮಗೂ ಆಯಿತು. ತಂತಿ ಸಂದೇಶದ ಕಾಲದಲ್ಲಿ ಕನ್ನಡ ಲಿಪಿ ತಂತಿಯ ಮೇಲೆ ಹೋಗುತ್ತಿರಲಿಲ್ಲ. ಅಜ್ಜ ತೀರಿಕೊಂಡ ಸುದ್ದಿಯೂ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅದನ್ನು ಓದಿಸಲು ಮೇಷ್ಟ್ರ ಮನೆಗೆ ಓಡಬೇಕಿತ್ತು. ಆ ತಂತಿ ಸೇವೆಯೂ 2013ರ ಜುಲೈಯಲ್ಲಿ ನಿಂತುಹೋಯಿತು. ಫ್ಯಾಕ್ಸಿಗಾದರೋ ಭಾಷೆಯ ಹಂಗಿಲ್ಲ. ಕನ್ನಡವಾಗಲಿ, ಮಲಯಾಳವಾಗಲಿ, ಅರಬ್ಬಿಯಾಗಲಿ, ಅದಕ್ಕೆ ಎಲ್ಲವೂ ಕಪ್ಪು ಬಿಳುಪಿನ ಚುಕ್ಕಿಗಳು.

ಅದರ ಕೆಲಸದ ಕ್ರಮ ಹೀಗೆ. ಕಾಗದವನ್ನು ಯಂತ್ರ ಗೆರೆಗೆರೆಯಾಗಿ ನೋಡುತ್ತದೆ. ಒಂದೊಂದು ಗೆರೆಯಲ್ಲಿ 1728 ಚುಕ್ಕಿಗಳು. 'ಇಷ್ಟು ಬಿಳಿ, ಇಷ್ಟು ಕಪ್ಪು' ಎಂದು ಎಣಿಸಿ, ಆ ಲೆಕ್ಕವನ್ನು ಸ್ವರವಾಗಿ ಬದಲಿಸಿ ಟೆಲಿಫೋನ್ ತಂತಿಯಲ್ಲಿ ಬಿಡುತ್ತದೆ. ನಾವು ಕೇಳುತ್ತಿದ್ದ ಆ ಸಿಳ್ಳೆ, ಕಿರುಚಾಟ ಎರಡು ಯಂತ್ರಗಳ ಸಂಭಾಷಣೆ. ಸಾಮಾನ್ಯ ಕ್ರಮದಲ್ಲಿ ಒಂದು ಮಿಲಿಮೀಟರಿಗೆ ನಾಲ್ಕು ಗೆರೆಯೂ ತುಂಬುವುದಿಲ್ಲ. 'ಫೈನ್' ಗುಂಡಿ ಒತ್ತಿದರೆ ಅದರ ಎರಡರಷ್ಟು. ನಮ್ಮ ಕನ್ನಡದ ಒತ್ತಕ್ಷರಗಳು ಚೂರಾಗಿ ಮಸಿಯಾಗದೆ ತಲುಪಬೇಕಾದರೆ ಆ ಗುಂಡಿಯನ್ನು ಒತ್ತಲೇಬೇಕಿತ್ತು.

ಇನ್ನು ಗುಟ್ಟಿನ ವಿಚಾರ. ಲಕೋಟೆಗೆ ಅಂಟು ಉಂಟು, ಫ್ಯಾಕ್ಸಿಗೆ ಇಲ್ಲ. ಕಾಗದ ಹೊರಬಂದು ತಟ್ಟೆಯಲ್ಲಿ ಬಾಯಿ ತೆರೆದು ಬಿದ್ದಿರುತ್ತದೆ. ದಾರಿಯಲ್ಲಿ ಹೋಗುವವನೂ ಓದಬಹುದು. ಇದಕ್ಕಾಗಿ ದುಬಾರಿ ಯಂತ್ರಗಳಲ್ಲಿ 'ಗುಪ್ತ ಪೆಟ್ಟಿಗೆ'ಯ ಸೌಕರ್ಯ ಮಾಡಿದರು. ಬಂದ ಕಾಗದವನ್ನು ಯಂತ್ರ ಕೂಡಲೇ ಅಚ್ಚು ಹಾಕದೆ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಸಂಬಂಧಪಟ್ಟವರು ಬಂದು ತಮ್ಮ ಗುಟ್ಟಿನ ಅಂಕೆಯನ್ನು ಒತ್ತಿದರೆ ಮಾತ್ರ ಹೊರಗೆ ಕೊಡುತ್ತದೆ. ನಾವಾಗಿಯೇ ಇನ್ನೊಂದು ಯಂತ್ರಕ್ಕೆ ಕರೆಮಾಡಿ, ಅಲ್ಲಿಟ್ಟ ಕಾಗದವನ್ನು ಗುಟ್ಟಿನ ಅಂಕೆ ಕೊಟ್ಟು ತರಿಸಿಕೊಳ್ಳುವ ಕ್ರಮವೂ ಇತ್ತು. ಪುಟದ ನೆತ್ತಿಯಲ್ಲಿ ಕಳುಹಿಸಿದವರ ನಂಬರು, ತಾರೀಕು, ಗಂಟೆ ಬರುತ್ತಿತ್ತು. ಕಳುಹಿಸಿದವರಿಗೆ 'ಓ.ಕೆ.' ಎಂಬ ವರದಿಯೂ ಸಿಗುತ್ತಿತ್ತು. ಆದರೆ ನೆನಪಿಡಿ, ಆ 'ಓ.ಕೆ.' ಯಂತ್ರಕ್ಕೆ ತಲುಪಿತು ಎಂಬುದಕ್ಕೆ ಮಾತ್ರ ಸಾಕ್ಷಿ. ಮನುಷ್ಯನಿಗೆ ತಲುಪಿತು ಎಂಬುದಕ್ಕಲ್ಲ. ನಂಬರಿನ ಒಂದು ಅಂಕೆ ತಪ್ಪಿದರೂ ಗುಟ್ಟು ಅಪರಿಚಿತರ ಮೇಜಿಗೆ ಹೋಗುತ್ತಿತ್ತು. ಶಾಯಿಯ ಸುರುಳಿ ಬಳಸುವ ಯಂತ್ರಗಳಲ್ಲಿ ಇನ್ನೊಂದು ಅಪಾಯ. ಬಳಸಿ ಬಿಸಾಡಿದ ಸುರುಳಿಯನ್ನು ಬೆಳಕಿಗೆ ಹಿಡಿದರೆ ಅಚ್ಚಾದ ಪ್ರತಿಯೊಂದು ಪುಟವನ್ನೂ ಓದಬಹುದಿತ್ತು!

ಈಗ ನನ್ನ ಪಾಠದ ಕತೆ. 1990ರ ದಶಕದ ಮೊದಲ ಭಾಗ. ನಾನಿದ್ದ ಶಾಖೆಗೆ ಮುಂಬಯಿಯಿಂದ ಒಂದು ಫ್ಯಾಕ್ಸ್ ಬಂತು. ಅಲ್ಲಿ ಹೋಟೆಲಿನಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಹುಡುಗನೊಬ್ಬ ಕೈಯಾರೆ ಕನ್ನಡದಲ್ಲಿ ಬರೆದ ಕಾಗದ. ನಮ್ಮ ಮ್ಯಾನೇಜರು ಕೇರಳದ ತೆಂಕಣ ಸೀಮೆಯವರು, ಒಳ್ಳೆಯ ಮನುಷ್ಯ. ಆದರೆ ಕನ್ನಡ ಓದಲು ಬಾರದು. "ಏನು ಬರೆದಿದ್ದಾನೆ ಓದಿ" ಎಂದರು. ನಾನು ಬಾಗಿಲು ತೆರೆದಿದ್ದ ಕೋಣೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಮಲಯಾಳದಲ್ಲಿ ಇನ್ನೊಮ್ಮೆ ಹೇಳಿದೆ. ಕೆಲಸ ಹೋಗಿದೆ, ಅಡವಿಟ್ಟ ಚಿನ್ನವನ್ನು ಏಲಂ ಮಾಡಬೇಡಿ, ಮೂರು ತಿಂಗಳ ಅವಧಿ ಕೊಡಿ, ತಂದೆಗೆ ಮಾತ್ರ ತಿಳಿಯಬಾರದು. ಇದು ಅದರ ಸಾರ. ಹೊರಗೆ ಸಾಲಿನಲ್ಲಿ ನಿಂತವರಿಗೆ ಎರಡೂ ಭಾಷೆ ಬರುತ್ತಿತ್ತು. ಗಡಿನಾಡಿನಲ್ಲಿ ಯಾರಿಗೆ ಬಾರದು ಹೇಳಿ? ಸಂಜೆಯೊಳಗೆ ಸುದ್ದಿ ತಂದೆಯ ಮನೆ ಮುಟ್ಟಿತು.

ಮರುದಿನ ಆ ಹಿರಿಯರು ಬಂದರು. ಬೈಯಲಿಲ್ಲ. "ನನ್ನ ಮಗನ ಕಾಗದ ಓದಿದ್ದು ನೀವಂತೆ" ಎಂದಷ್ಟೇ ಹೇಳಿ ಹೊರಟುಹೋದರು. ರಾಷ್ಟ್ರೀಕೃತ ಬ್ಯಾಂಕುಗಳ 1970ರ ಕಾಯಿದೆಯ 13ನೇ ಕಲಮು ಗ್ರಾಹಕರ ಗುಟ್ಟು ಕಾಯಬೇಕೆಂದು ವಿಧಿಸುತ್ತದೆ. ಕೆಲಸಕ್ಕೆ ಸೇರುವಾಗ ಗುಟ್ಟು ಕಾಯುವ ಪ್ರಮಾಣಪತ್ರಕ್ಕೆ ನಾನೂ ಸಹಿ ಹಾಕಿದ್ದೆ. ಆ ಸಹಿಯನ್ನು ತಾಳೆ ನೋಡುವ ಯಂತ್ರ ಯಾವುದೂ ಇಲ್ಲ, ನೋಡಿ.

ತಪ್ಪು ನನ್ನದು, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೆ ಇನ್ನೊಂದು ಸಂಗತಿಯೂ ಅಂದು ನನಗೆ ಹೊಳೆಯಿತು. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆಯು ಇಲ್ಲಿನ ಕನ್ನಡಿಗರಿಗೆ ತಮ್ಮ ಭಾಷೆಯಲ್ಲೇ ಸರಕಾರಿ ಕಚೇರಿಗೆ ಬರೆಯುವ ಅವಕಾಶ ಕೊಟ್ಟಿತು. ಬರೆಯಲು ಅವಕಾಶವಿದ್ದರೆ ಸಾಲದು, ಮೇಜಿನಾಚೆ ಕುಳಿತವರಿಗೆ ಓದಲು ಬರಬೇಕು. ಇಲ್ಲವಾದರೆ ನಮ್ಮ ರೋಗ, ಸಾಲ, ಮನೆಯ ಜಗಳ ಎಲ್ಲವೂ ಮೂರನೆಯವರ ಬಾಯಿಯ ಮೂಲಕವೇ ಹೋಗಬೇಕು. ಬ್ಯಾಂಕಿಗೂ ಆಸ್ಪತ್ರೆಗೂ ಈ ಮಾತು ಸಲ್ಲುತ್ತದೆ. ಕನ್ನಡ ಬಲ್ಲವರು ಬೇಕು ಎಂದು ನಾವು ಕೇಳುವಾಗ ಅದನ್ನು ಬರಿಯ ಭಾಷಾಭಿಮಾನವೆಂದು ತಿಳಿಯುವವರಿದ್ದಾರೆ. ನಮ್ಮ ಗುಟ್ಟು ನಮ್ಮಲ್ಲೇ ಉಳಿಯಲಿ ಎಂಬ ಸಾಮಾನ್ಯ ಬೇಡಿಕೆಯೂ ಅದರಲ್ಲಿ ಉಂಟು.

ಇಂದು ಫ್ಯಾಕ್ಸ್ ಮೂಲೆ ಸೇರಿದೆ. ಕೈಬರಹದ ಫೋಟೋ ಮೊಬೈಲಿನಲ್ಲಿ ಕ್ಷಣದಲ್ಲಿ ಹೋಗುತ್ತದೆ. ಅದರ ಬೀಗಗಳೂ ಗಟ್ಟಿ. ಆದರೆ ನಮ್ಮ ಊರುಗಳಲ್ಲಿ ಇಂದಿಗೂ ಅಕ್ಷರ ಬಾರದ ಅಜ್ಜಿಗೆ ಮೊಮ್ಮಗ ಓದಿ ಹೇಳುತ್ತಾನೆ, ಮಲಯಾಳ ನೋಟೀಸನ್ನು ನೆರೆಯವರು ಕನ್ನಡಕ್ಕೆ ತಂದುಕೊಡುತ್ತಾರೆ. ನಿಮ್ಮ ಬಳಿಗೂ ಯಾರಾದರೂ ಅಂತಹ ಕಾಗದ ಹಿಡಿದು ಬಂದಾರು. ಓದಿಕೊಡಿ, ಅದು ಪುಣ್ಯದ ಕೆಲಸ. ಆದರೆ ಓದುವ ಮೊದಲು ಬಾಗಿಲು ಹಾಕಿ, ಸ್ವರ ತಗ್ಗಿಸಿ. ಓದಿದ ಮೇಲೆ ಮರೆತುಬಿಡಿ.